ನಿದ್ದೆಬುರುಕ ವ್ಯಾನಿನ ಉಸಿರು

"ಏಳೋ ನಿದ್ದೆಬುರ್ಕಾ, ಏಳೋ!"

ವ್ಯಾನಿನೊಳಗಿದ್ದ ಮಕ್ಕಳೆಲ್ಲ ಒಟ್ಟಿಗೆ ಕಿರುಚಿದರು. ಎಲ್ಲರಿಗಿಂತ ಜೋರಾಗಿ ಕಿರುಚಿದವಳು ಚೂಟಿ. ಸಿಗ್ನಲ್ ಕೆಂಪಾಗಿತ್ತು. ಅಮ್ಮ ಬ್ರೇಕ್ ಒತ್ತಿ ನಿಲ್ಲಿಸುತ್ತಿದ್ದಂತೆ ಇಂಜಿನ್ ಒಮ್ಮೆ ಕೆಮ್ಮಿ, ಗಡಗಡ ನಡುಗಿ, ಸುಮ್ಮನಾಗಿಬಿಟ್ಟಿತ್ತು.

ಮಕ್ಕಳನ್ನು ಶಾಲೆಗೆ ಬಿಡುವುದು, ಮತ್ತೆ ಮನೆ ತಲುಪಿಸುವುದು ಚೂಟಿಯ ಅಮ್ಮನ ಕೆಲಸ. ವ್ಯಾನಿಗೆ ಚೂಟಿಗಿಂತ ಹೆಚ್ಚು ವಯಸ್ಸು. ಓಡುವಾಗ ಏನೂ ತಕರಾರಿಲ್ಲ. ನಿಲ್ಲಿಸಿದರೆ ಮಾತ್ರ ನಿದ್ದೆ! ಅದಕ್ಕೇ ಚೂಟಿ ಅದಕ್ಕೆ ನಿದ್ದೆಬುರುಕ ಎಂದು ಹೆಸರಿಟ್ಟಿದ್ದಳು. ಅದನ್ನು ಎಬ್ಬಿಸುವ ಈ ಕೂಗೂ ಅವಳು ಕಂಡುಹಿಡಿದದ್ದೇ. ಅಮ್ಮನ ಕಾಲು ಬ್ರೇಕಿನತ್ತ ಹೋದರೆ ಸಾಕು, ಮಕ್ಕಳ ಗಂಟಲು ಸಿದ್ಧವಾಗುತ್ತಿತ್ತು.

ಅಮ್ಮ ಕೀ ತಿರುಗಿಸಿದಳು. ಕರ್... ಕರ್... ಕರ್... ಭುರ್ರ್! ವ್ಯಾನ್ ಎಚ್ಚರಾಯಿತು. ಮಕ್ಕಳು ಚಪ್ಪಾಳೆ ತಟ್ಟಿದರು.

ಹಸಿರು ಬಿದ್ದ ಮೇಲೆ ವ್ಯಾನ್ ನಾಲ್ಕು ರಸ್ತೆ ಕೂಡುವಲ್ಲಿಗೆ ಬಂತು. ಅಷ್ಟರಲ್ಲಿ ಒಂದು ಸೈಕಲ್ ಅಡ್ಡ ನುಗ್ಗಿತು. ಅಮ್ಮ ಬ್ರೇಕ್ ಒತ್ತಿದಳು. ಇಂಜಿನ್ ಮತ್ತೆ ಬಂದ್! ಸೈಕಲ್ ಏನೋ ಪಾರಾಯಿತು. ವ್ಯಾನ್ ಮಾತ್ರ ನಟ್ಟನಡುವೆ ನಿಂತುಬಿಟ್ಟಿತು. ಎಡಗಡೆಯಿಂದ ಒಂದು ಲಾರಿ ಬರುತ್ತಿತ್ತು. ಅದು ಕಿರ್ರ್ ಎಂದು ಬ್ರೇಕ್ ಹಾಕಿ, ವ್ಯಾನಿನ ಬಾಗಿಲಿಗೆ ಒಂದು ಮಾರು ದೂರದಲ್ಲಿ ನಿಂತಿತು.

"ಏಳೋ ನಿದ್ದೆಬುರ್ಕಾ!" ಮಕ್ಕಳು ಇನ್ನೂ ಕೂಗುತ್ತಲೇ ಇದ್ದರು.

ಚೂಟಿಯ ಬಾಯಿ ಮಾತ್ರ ಕಟ್ಟಿಹೋಗಿತ್ತು. ಅವಳಿಗೆ ಮುಂದಿನ ಕನ್ನಡಿಯಲ್ಲಿ ಅಮ್ಮನ ಮುಖ ಕಂಡಿತು. ಆ ಮುಖ ಸುಣ್ಣದಷ್ಟು ಬೆಳ್ಳಗಾಗಿತ್ತು.

ಕೊನೆಯ ಮಗುವನ್ನು ಮನೆಗೆ ಬಿಟ್ಟ ಮೇಲೆ ಅಮ್ಮ ವ್ಯಾನನ್ನು ನೇರವಾಗಿ ಮಾವನ ಗ್ಯಾರೇಜಿಗೆ ತಂದಳು. ಮಾವ ಎಂದರೆ ಅಮ್ಮನ ಅಣ್ಣ. ಅವನ ಶೆಡ್ಡಿನ ಗೋಡೆಯ ತುಂಬ ಸ್ಪ್ಯಾನರ್‌ಗಳು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ನೇತಾಡುತ್ತಿದ್ದವು. ನೆಲ ಎಣ್ಣೆ ಕುಡಿದು ಕುಡಿದು ಕಪ್ಪಾಗಿತ್ತು.

"ಮತ್ತೆ ಬಂದ್ಯಾ ಮಹರಾಯ?" ಎಂದು ಮಾವ ವ್ಯಾನಿನ ಬೆನ್ನು ತಟ್ಟಿದ. ಬಾನೆಟ್ ಎತ್ತಿ ಇಂಜಿನ್ ಸ್ಟಾರ್ಟ್ ಮಾಡಿಸಿದ. ನಿದ್ದೆಬುರುಕ ಈಗ ಕೈಕಟ್ಟಿ ಕೂತ ಒಳ್ಳೆಯ ಹುಡುಗನ ಹಾಗೆ ಒಂದೇ ಸಮನೆ ಗುರುಗುಟ್ಟಿತು. ನಿಲ್ಲುವ ಸೂಚನೆಯೇ ಇಲ್ಲ.

"ನೋಡು, ಇಲ್ಲಿ ಬಂದ್ರೆ ಎಷ್ಟು ಸಾಧು! ಪ್ಲಗ್ ಬದಲಾಯಿಸ್ದೆ. ಕಾರ್ಬುರೇಟರ್ ಬಿಚ್ಚಿ ತೊಳ್ದೆ. ಪೆಟ್ರೋಲ್ ಫಿಲ್ಟರ್ ಹೊಸದು ಹಾಕ್ದೆ. ಇನ್ನೇನು ಮಾಡ್ಲಿ ಕಣೇ?"

"ಏನೂ ಮಾಡ್ಬೇಡ ಅಣ್ಣ," ಎಂದಳು ಅಮ್ಮ. "ಸಾಕು. ಇವತ್ತು ಒಂದು ಚೂರು ಹೆಚ್ಚುಕಮ್ಮಿ ಆಗಿದ್ರೆ... ಬೇರೆಯವರ ಮಕ್ಕಳು ಕಣೋ ಅವು. ಇವತ್ತು ಸರಿ ಆಗ್ಲಿಲ್ಲ ಅಂದ್ರೆ ನಾಳೆ ಇದನ್ನ ಗುಜರಿಗೆ ಕೊಟ್ಬಿಡ್ತೀನಿ."

ಗುಜರಿ! ರೈಲ್ವೆ ಗೇಟಿನ ಆಚೆ ಇರುವ ಗುಜರಿ ಚೂಟಿಗೆ ಗೊತ್ತಿತ್ತು. ಅಲ್ಲಿ ಗಾಡಿಗಳನ್ನು ಕತ್ತರಿಸಿ, ಬಾಗಿಲು ಒಂದು ಕಡೆ, ಸೀಟು ಒಂದು ಕಡೆ ರಾಶಿ ಹಾಕಿರುತ್ತಾರೆ. ಅವಳು ಓಡಿಹೋಗಿ ವ್ಯಾನಿಗೆ ಬೆನ್ನು ಒತ್ತಿ ನಿಂತಳು. ಅವಳಷ್ಟು ಪುಟ್ಟ ಹುಡುಗಿ ಅಡ್ಡ ನಿಂತರೆ ಗುಜರಿಯವನು ಹೆದರಿ ಓಡುತ್ತಾನೆ ಅನ್ನುವ ಹಾಗೆ!

ಮಾವ ಕೈ ಒರೆಸಿಕೊಂಡು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತ. "ನೀನು ದಿನಾ ಇದ್ರಲ್ಲೇ ಓಡಾಡ್ತೀಯಲ್ಲ ಚೂಟಿ. ನೀನಾದ್ರೂ ಹೇಳು. ಇಂಜಿನ್ ಆಫ್ ಆಗೋಕೆ ಮುಂಚೆ ಏನಾದ್ರೂ ಸದ್ದು ಬರುತ್ತಾ?"

ಚೂಟಿ ಯೋಚಿಸಿದಳು. ಎಷ್ಟು ಯೋಚಿಸಿದರೂ ತನ್ನದೇ ದನಿ ನೆನಪಾಯಿತೇ ಹೊರತು ಬೇರೇನೂ ಇಲ್ಲ.

"ಗೊತ್ತಿಲ್ಲ ಮಾವ," ಎಂದಳು ತಲೆ ತಗ್ಗಿಸಿ. "ಆಗ ನಾವು ಕೂಗ್ತಾ ಇರ್ತೀವಿ."

ಮಾವ ಹಣೆ ಚಚ್ಚಿಕೊಂಡ. "ಹೌದಲ್ವಾ! ಮೊನ್ನೆ ನಾನು ಓಡಿಸಿ ನೋಡಿದಾಗ್ಲೂ ನೀನು ಹಿಂದೆ ಕೂತು ಕಿವಿ ತೂತಾಗೋ ಹಾಗೆ ಕೂಗ್ತಿದ್ದೆ. ನಾನೂ ನಗ್ತಾ ಜೊತೆಗೆ ಕೂಗ್ದೆ! ಕಾಯಿಲೆಯವನು ತನ್ನ ಕಷ್ಟ ಹೇಳ್ಕೊಳ್ಳುವಾಗ ಡಾಕ್ಟರೇ ಬೊಬ್ಬೆ ಹೊಡೆದ್ರೆ ಹೇಗಮ್ಮ? ನಡೀರಿ, ಇನ್ನೊಂದು ಸಲ ಹೋಗೋಣ. ಯಾರೂ ತುಟಿ ಬಿಚ್ಚೋ ಹಾಗಿಲ್ಲ."

ಗ್ಯಾರೇಜಿನ ಹಿಂದಿನ ಬೀದಿ ಖಾಲಿ ಇತ್ತು. ಅಮ್ಮ ಓಡಿಸಿದಳು. ಮಾವ ಪಕ್ಕದಲ್ಲಿ ಕಿವಿ ಕೊಟ್ಟು ಕೂತ. ಚೂಟಿ ಅಮ್ಮನ ಸೀಟಿನ ಹಿಂದೆ, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೂತಳು. ಸುಮ್ಮನಿರುವುದು ಅವಳ ಮಟ್ಟಿಗೆ ಸಾಮಾನ್ಯ ಕೆಲಸವಲ್ಲ.

ಆಗ ಅವಳಿಗೆ ವ್ಯಾನ್ ಕೇಳಿಸತೊಡಗಿತು. ಕಿಟಕಿಯ ಗಾಜು ಟಿಕಿಟಿಕಿ ಅನ್ನುತ್ತಿತ್ತು. ನೆಲದಡಿಯಲ್ಲಿ ಏನೋ ಗುಂಯ್ ಎಂದು ಹಾಡುತ್ತಿತ್ತು. ಗೇರ್ ಬದಲಾದಾಗ ಹಾಡಿನ ಧಾಟಿಯೂ ಬದಲಾಗುತ್ತಿತ್ತು. ಇಷ್ಟೆಲ್ಲ ಇದರೊಳಗೆ ದಿನವೂ ನಡೆಯುತ್ತಿತ್ತೇ? ಚೂಟಿಗೆ ಮೈ ಜುಂ ಎಂದಿತು.

ಬೀದಿಯ ಕೊನೆ ಬಂತು. ಅಮ್ಮ ಬ್ರೇಕ್ ಮೇಲೆ ಕಾಲಿಟ್ಟಳು.

ಸ್ಸ್ಸ್ಸ್...

ಯಾರೋ ಹಲ್ಲುಗಳ ಸಂದಿಯಿಂದ ಉಸಿರು ಎಳೆದುಕೊಂಡ ಹಾಗಿತ್ತು. ಇಂಜಿನ್ ಕೆಮ್ಮಿತು, ನಡುಗಿತು, ನಿಂತಿತು.

ಚೂಟಿ ಮಾತಾಡುವ ಹಾಗಿರಲಿಲ್ಲ. ಸೀಟಿನ ಪಕ್ಕದಿಂದ ಕೈ ಚಾಚಿ, ಅಮ್ಮನ ಕಾಲಿನ ಕಡೆ ಬೆರಳು ತೋರಿಸಿದಳು. ಹಾಗೆ ಬಗ್ಗಿದಾಗ ಅವಳಿಗೆ ಇನ್ನೊಂದೂ ಕಂಡಿತು. ಬ್ರೇಕಿನ ಮೇಲಿದ್ದ ಅಮ್ಮನ ಕಾಲು ಸಣ್ಣಗೆ ನಡುಗುತ್ತಿತ್ತು. ಅವಳು ಅದನ್ನು ಮಾವನಿಗೆ ತೋರಿಸಲಿಲ್ಲ.

"ಸಿಕ್ಕಿಬಿದ್ದ ಕಳ್ಳ!" ಎಂದು ಮಾವನೇ ಮೊದಲು ಕೂಗಿದ.

ಶೆಡ್ಡಿಗೆ ಮರಳಿದ ಮೇಲೆ ಮಾವ ಚೂಟಿಯನ್ನು ಒಂದು ಸ್ಟೂಲಿನ ಮೇಲೆ ನಿಲ್ಲಿಸಿದ. ಇಂಜಿನ್ ಗುರುಗುಟ್ಟುತ್ತಿತ್ತು. ಅದರ ಹಿಂದೆ ದುಂಡನೆಯ ಕಪ್ಪು ಡಬ್ಬಿಯೊಂದಿತ್ತು. ಇಂಜಿನ್ನಿಂದ ಆ ಡಬ್ಬಿಗೆ ಒಂದು ರಬ್ಬರ್ ಪೈಪು ಹೋಗಿತ್ತು.

"ಇದು ಬ್ರೇಕ್ ಬೂಸ್ಟರ್," ಎಂದ ಮಾವ. "ಈಗ ಈ ಪೈಪ್ ಕೀಳ್ತೀನಿ. ನೋಡ್ತಿರು."

ಪೈಪು ಡಬ್ಬಿಯಿಂದ ಕಳಚಿದ ತಕ್ಷಣ ಅದರ ಬಾಯಿ ಸ್ಸ್ಸ್ ಎಂದಿತು. ಇಂಜಿನ್ ಗಡಗಡ ನಡುಗಿತು. ಇನ್ನೇನು ನಿಂತೇಹೋಗುವುದರಲ್ಲಿತ್ತು!

"ಹೆಬ್ಬೆರಳು ಇಡು, ಬೇಗ!"

ಚೂಟಿ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದಳು. ಪೈಪು ಬೆರಳನ್ನು ಪುಟ್ಟ ಕರುವಿನ ಹಾಗೆ ಚೀಪಿ ಹಿಡಿದುಕೊಂಡಿತು. ನಡುಕ ನಿಂತಿತು. ಇಂಜಿನ್ ಮತ್ತೆ ಹದವಾಗಿ ಗುರುಗುಟ್ಟಿತು.

ಅವಳು ಬೆರಳನ್ನು ತುಸು ಸಡಿಲಿಸಿದಳು. ಸ್ಸ್ಸ್! ಇಂಜಿನ್ ಕೆಮ್ಮಿತು. ಮತ್ತೆ ಒತ್ತಿದಳು. ಸುಮ್ಮನಾಯಿತು. ಇಡೀ ವ್ಯಾನ್! ಅಷ್ಟೊಂದು ಮಕ್ಕಳನ್ನೂ ಅವರ ಮಣಭಾರದ ಬ್ಯಾಗುಗಳನ್ನೂ ಹೊತ್ತು ಓಡುವ ವ್ಯಾನ್ ಈಗ ಅವಳ ಒಂದು ಬೆರಳ ತುದಿಯಲ್ಲಿತ್ತು.

"ಮಾವ..." ಅವಳ ದನಿ ಪಿಸುಮಾತಾಗಿತ್ತು. "ಇದು ಉಸಿರಾಡ್ತಿದೆ!"

"ಮತ್ತೆ? ಉಸಿರಾಡದೆ ಬದುಕೋದು ಹೇಗೆ? ಇಂಜಿನ್ ಗಾಳಿ ಎಳ್ಕೊಳ್ಳುತ್ತಲ್ಲ, ಆ ಎಳೆತದಲ್ಲಿ ಸ್ವಲ್ಪ ಈ ಡಬ್ಬಿಗೂ ಕೊಡುತ್ತೆ. ನಿಮ್ಮಮ್ಮ ಬ್ರೇಕ್ ಒತ್ತಿದಾಗ ಡಬ್ಬಿಯೂ ಅವಳ ಜೊತೆ ಸೇರಿ ಒತ್ತುತ್ತೆ. ಇಲ್ದಿದ್ರೆ ಇಷ್ಟು ಭಾರದ ಗಾಡಿಯನ್ನ ನಿಲ್ಲಿಸೋಕೆ ಒಂದು ಕಾಲು ಎಲ್ಲಿ ಸಾಕು?"

"ಮತ್ತೆ ಆಫ್ ಆಗೋದು ಯಾಕೆ?"

"ಡಬ್ಬಿ ಒಳಗಿನ ರಬ್ಬರ್ ಹರಿದಿರ್ಬೇಕು. ಬ್ರೇಕ್ ಒತ್ತಿದಾಗಲೆಲ್ಲ ಬೇಡದ ಗಾಳಿ ಒಳಗೆ ನುಗ್ಗುತ್ತೆ. ನೀರು ಕುಡಿಯುವಾಗ ನಿಂಗೆ ನೆತ್ತಿಗೆ ಹತ್ತುತ್ತಲ್ಲ, ಹಾಗೆ ಇಂಜಿನ್ನಿಗೆ ನೆತ್ತಿಗೆ ಹತ್ತುತ್ತೆ. ಬ್ರೇಕ್ ಒತ್ತದೇ ಇಲ್ಲಿ ನಿಲ್ಲಿಸ್ಕೊಂಡು ನೋಡಿದ್ರೆ ನಂಗೆ ಹೇಗೆ ಸಿಗುತ್ತೆ? ಹೂಂ, ಬೆರಳು ಬಿಡ್ಬೇಡ. ತಂಗೀ, ಈಗ ಬ್ರೇಕ್ ಒತ್ತು!"

ಒಳಗೆ ಕೂತಿದ್ದ ಅಮ್ಮ ಒತ್ತಿದಳು. ಚೂಟಿ ಹೆಬ್ಬೆರಳನ್ನು ಇನ್ನಷ್ಟು ಒತ್ತಿ ಹಿಡಿದಳು. ಇಂಜಿನ್ ಕೆಮ್ಮಲಿಲ್ಲ, ನಡುಗಲಿಲ್ಲ. ಮಾವ ಎರಡೂ ಕೈ ಮೇಲೆತ್ತಿ ಕುಣಿದೇಬಿಟ್ಟ.

"ಹಾಗಾದ್ರೆ ಗುಜರಿ?" ಎಂದಳು ಚೂಟಿ.

"ಆ ಡಬ್ಬಿ ಒಂದೇ ಹೋಗುತ್ತೆ ಗುಜರಿಗೆ. ಹೊಸ ಬೂಸ್ಟರ್ ಹಾಕದೆ ಗಾಡಿ ಇಲ್ಲಿಂದ ಕದಲೋ ಹಾಗಿಲ್ಲ."

ಮಾವ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ ಬಂದು, ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸುವಷ್ಟರಲ್ಲಿ ಸಂಜೆಯಾಯಿತು. ಅಷ್ಟು ಹೊತ್ತೂ ಅಮ್ಮ ಮತ್ತು ಚೂಟಿ ಹಳೆಯ ಟೈರುಗಳ ಮೇಲೆ ಕೂತಿದ್ದರು.

"ಅಮ್ಮ, ನಾವು ಕೂಗ್ಬಾರ್ದಿತ್ತಾ?"

ಅಮ್ಮ ಅವಳ ಹೆಬ್ಬೆರಳಿಗೆ ಅಂಟಿದ್ದ ಮಸಿ ಒರೆಸಿದಳು. "ನೀವು ಕೂಗ್ತಾ ಇದ್ರೆ, ನೀವ್ಯಾರೂ ಹೆದರಿಲ್ಲ ಅಂತ ನಂಗೆ ಸಮಾಧಾನ ಆಗ್ತಿತ್ತು. ಅದಕ್ಕೇ ಬೇಡ ಅನ್ಲಿಲ್ಲ."

ನೀನು ಹೆದರಿದ್ದೆಯಾ ಎಂದು ಚೂಟಿ ಕೇಳಲಿಲ್ಲ. ಟೈರಿನ ಮೇಲೆ ಇನ್ನಷ್ಟು ಹತ್ತಿರಕ್ಕೆ ಸರಿದು ಕೂತಳು.

ಮಾವ ಬ್ರೇಕನ್ನು ಹತ್ತಾರು ಸಲ ಒತ್ತಿ, ಓಡಿಸಿ, ನಿಲ್ಲಿಸಿ ಪರೀಕ್ಷೆ ಮಾಡಿದ ಮೇಲೆಯೇ ಅವರಿಬ್ಬರನ್ನು ಕಳಿಸಿದ. ಚೂಟಿ ಈ ಸಲ ಮುಂದಿನ ಸೀಟಿನಲ್ಲಿ ಕೂತಳು. ಆ ನಾಲ್ಕು ರಸ್ತೆ ಕೂಡುವ ಜಾಗ ಬಂತು. ಸಿಗ್ನಲ್ ಕೆಂಪು. ಅಮ್ಮ ಬ್ರೇಕ್ ಒತ್ತಿದಳು.

ವ್ಯಾನ್ ನಿಂತಿತು. ಇಂಜಿನ್ ನಿಲ್ಲಲಿಲ್ಲ.

ಅಕ್ಕಪಕ್ಕದ ಗಾಡಿಗಳ ನಡುವೆಯೂ ಚೂಟಿಗೆ ಅದರ ಉಸಿರು ಬೇರೆಯಾಗಿ ಕೇಳಿಸುತ್ತಿತ್ತು. ಮೆಲ್ಲಗೆ, ಹದವಾಗಿ. ಅವಳು ಕೆಳಗೆ ನೋಡಿದಳು. ಬ್ರೇಕಿನ ಮೇಲೆ ಅಮ್ಮನ ಕಾಲು ಅಲ್ಲಾಡದೆ ಕೂತಿತ್ತು.

ಹಸಿರು ಬಿತ್ತು. ಅಮ್ಮ ಹೊರಡಲಿಲ್ಲ. ಸ್ಟೀರಿಂಗ್ ಮೇಲೆ ಎರಡೂ ಕೈ ಇಟ್ಟು, ಕಣ್ಣು ಮುಚ್ಚಿ, ಕೇಳುತ್ತಾ ಕೂತಿದ್ದಳು. ಹಿಂದಿನ ಕಾರಿನವನು ಪೀಂ ಎಂದ.

ಚೂಟಿ ಹಿಂದೆ ತಿರುಗಿ, ಒಂದೇ ನಿಮಿಷ ಎಂದು ಅವನಿಗೆ ಕೈ ಸನ್ನೆ ಮಾಡಿದಳು.