ಮೂರು ಸೀಮೆಯ ದೊಡ್ಡ ಬೇಟೆ

ಯಾವ ಕಾಲವೋ ಏನೋ, ಕಲ್ಲುಸೀಮೆ ಅನ್ನುವ ರಾಜ್ಯವನ್ನು ಕಲಿವರ್ಮ ಅನ್ನುವ ದೊರೆ ಆಳುತ್ತಿದ್ದ. ಅವನಿಗೆ ಕಾಡಿತ್ತು, ಕುದುರೆಯಿತ್ತು, ಗಿರಿಜಾ ಮೀಸೆಯಿತ್ತು. ಬೇಟೆ ಮಾತ್ರ ಇರಲಿಲ್ಲ. ಅಕ್ಕಪಕ್ಕದ ರಾಜ್ಯಗಳಿಗೋ ಹೆಸರೇ ಹುಲಿಸೀಮೆ, ಕಾಟಿಸೀಮೆ, ಆನೆಸೀಮೆ. ದೊರೆಗೆ ಹೊಟ್ಟೆಯುರಿ ತಡೆಯಲಾಗಲಿಲ್ಲ.

"ಮೂರೂ ಕಡೆ ನೋಡಿಕೊಂಡು ಬಾ. ದೊಡ್ಡ ಬೇಟೆ ಎಲ್ಲಿ ಹೆಚ್ಚೋ ಅಲ್ಲಿಗೆ ಹೋಗ್ತೀನಿ," ಅಂತ ಪ್ರಾಣಿಗಳ ಹೆಜ್ಜೆ ನೋಡುವ ದ್ಯಾವಕ್ಕನಿಗೆ ಹೇಳಿದ.

ಅವಳು ಕೂಡಲೇ ಒಪ್ಪಿದಳು. ದೊರೆಯ ಮೀಸೆ ನೋಡಿ ಅಲ್ಲ ಬಿಡಿ. ಅವಳ ಅಣ್ಣ ಬೊಮ್ಮಣ್ಣ ಹೋದ ಸುಗ್ಗಿಯಲ್ಲಿ ಬೇಟೆಗೆಂದು ಗಡಿ ದಾಟಿದವನು ಮನೆಗೆ ಬಂದಿರಲಿಲ್ಲ. ಇದ್ದಾನೋ ಇಲ್ಲವೋ ತಿಳಿಯದೆ ಅವಳಿಗೆ ಅನ್ನ ಸೇರುತ್ತಿರಲಿಲ್ಲ.

ಹುಲಿಸೀಮೆಯ ಗಡಿಕಲ್ಲಿನ ಹತ್ತಿರ ಒಬ್ಬ ಮುದುಕ ಬಿಲ್ಲು ಹಿಡಿದು ಕೂತಿದ್ದ.

"ಬರಿಗೈಲಿ ಕಾಡಿಗೆ ಹೋಗ್ತಾರೇನವ್ವ? ಬಿಲ್ಲು ತಗೊಂಡು ಹೋಗು."

"ಬೇಡಜ್ಜ. ಹೆಜ್ಜೆ ನೋಡೋರು ಆಯುಧ ಮುಟ್ಟಲ್ಲ. ಕೈಲಿ ಬಿಲ್ಲಿದ್ದರೆ ಕಣ್ಣಿಗೆ ಹೆಜ್ಜೆ ಕಾಣಲ್ಲ."

ಒಳಗೆ ಎಲ್ಲಿ ನೋಡಿದರೂ ಹುಲಿ. ಅದರಲ್ಲೊಂದು ಹುಲಿ ಬಲಗಾಲಿಂದ ನೆಲ ಮುಟ್ಟಿ ಹಣೆಗೆ ಒತ್ತಿಕೊಂಡಿತು. ಕಾಡಿಗೆ ಕಾಲಿಡುವ ಮುಂಚೆ ಕಲ್ಲುಸೀಮೆಯ ಬೇಟೆಗಾರರು ಮಾಡುವುದೇ ಹಾಗೆ. ಹುಲಿಗೆ ಇದನ್ನು ಯಾರು ಕಲಿಸಿದರು? ದ್ಯಾವಕ್ಕನಿಗೆ ತಲೆಬುಡ ತಿಳಿಯಲಿಲ್ಲ. ಅವಳು ಹೊರಟಳು, ಹುಲಿಯೂ ಹಿಂದೆಯೇ ಹೊರಟಿತು, ಹತ್ತಿರಕ್ಕೆ ಮಾತ್ರ ಬರಲಿಲ್ಲ.

ಕಾಟಿಸೀಮೆಯ ಗಡಿಯಲ್ಲೂ ಅದೇ ಮುದುಕ, ಅದೇ ಬಿಲ್ಲು! ತನಗಿಂತ ಮುಂಚೆ ಹೇಗೆ ಬಂದ? ಅವಳು ಬೇಡವೆಂದು ಒಳಗೆ ಹೋದಳು. ಅಲ್ಲಿ ಕಾಟಿಗಳು, ಅದೇ ಕಾಡುಕೋಣಗಳು, ಸಾಲಾಗಿ ನಿಂತು, ಹಿರಿಯ ಕಾಟಿ ಬಾಯಿಟ್ಟ ಮೇಲೆಯೇ ಹುಲ್ಲು ಮುಟ್ಟುತ್ತಿದ್ದವು. ಹುಲಿಸೀಮೆಯ ಬೇಟೆಗಾರರು ಊಟಕ್ಕೆ ಕೂರುವುದೂ ಹೀಗೆಯೇ ಅಲ್ಲವೇ? ಅವಳಿಗೆ ತಲೆ ಕೆಟ್ಟುಹೋಯಿತು. ಇದನ್ನೆಲ್ಲ ದೊರೆಗೆ ಹೇಳಿದರೆ ಹುಚ್ಚಿ ಅನ್ನುತ್ತಾನೆ.

ಆನೆಸೀಮೆಯ ಗಡಿಗೆ ಬಂದಾಗ ಕಾಟಿಸೀಮೆಯವನೊಬ್ಬ ಮುದುಕನ ಬಿಲ್ಲು ಹಿಡಿದು ಗಡಿಕಲ್ಲು ದಾಟುತ್ತಿದ್ದ. ಅತ್ತ ಕಾಲಿಟ್ಟದ್ದೇ ತಡ, ಆನೆಯಾಗಿ ನಿಂತ. ಬಿಲ್ಲು ತಾನಾಗಿ ಮುದುಕನ ಕೈಗೆ ಬಂತು.

ದ್ಯಾವಕ್ಕನಿಗೆ ಆಗ ಹೊಳೆಯಿತು. ನೆರೆಯ ಬೇಟೆಗಾರನೇ ಇಲ್ಲಿಯ ಬೇಟೆ! ಕಲ್ಲುಸೀಮೆಗೆ ಯಾರೂ ಬೇಟೆಗೆ ಬರುವುದಿಲ್ಲ, ಅದಕ್ಕೇ ಅಲ್ಲಿ ಬೇಟೆಯಿಲ್ಲ. ಹಾಗಾದರೆ ಆ ಹುಲಿ?

ಅಷ್ಟರಲ್ಲಿ ಕಾಯಲಾರದ ಕಲಿವರ್ಮ ಕುದುರೆ ಓಡಿಸಿಕೊಂಡು ಬಂದ. ಗಡಿಕಲ್ಲಿನಾಚೆ ಆ ಹುಲಿ ಬಂದು ಕೂತಿತ್ತು.

"ಎಂಥ ಹುಲಿ!" ಅಂದ ದೊರೆ.

"ಈ ಬಿಲ್ಲು ತಗೊಳ್ಳಿ ಮಹಾಸ್ವಾಮಿ. ಕಲ್ಲು ದಾಟಿ ಹೊಡೀರಿ," ಅಂದ ಮುದುಕ.

ದೊರೆ ಕೈಚಾಚಿದ. ದಾಟಿದರೆ ದೊರೆಗೆ ಸೊಂಡಿಲು. ಇಲ್ಲಿಂದಲೇ ಹೊಡೆದರೆ ಅಣ್ಣ ಉಳಿಯುವುದಿಲ್ಲ. ದ್ಯಾವಕ್ಕ ನಡುವೆ ಬಂದು ನಿಂತಳು.

"ಬುದ್ಧಿ, ಅದು ಮಕ್ಕಳಾಡೋ ಬಿಲ್ಲು," ಅಂದಳು. "ಬಾಣ ಆ ಪೊದೆ ತನಕವೂ ಹೋಗಲ್ಲ. ಈ ಅಜ್ಜನಿಗೆ ಬಿಲ್ಲು ಹಿಡಿಯೋಕೇ ಬರಲ್ಲ."

ಮುದುಕನಿಗೆ ಮೂಗಿನ ಮೇಲೇ ಕೋಪ. "ನನಗಾ ಬರೋದಿಲ್ಲ? ನೋಡು ಹಾಗಾದರೆ!" ಅಂತ ಹೆದೆಯೇರಿಸಿ ದಾಪುಗಾಲು ಹಾಕಿ ಮುಂದೆ ಬಂದ. ಬರುವ ಭರದಲ್ಲಿ ಕಲ್ಲು ದಾಟಿಬಿಟ್ಟ. ಆನೆಯಾಗುವಷ್ಟು ದೊಡ್ಡತನ ಅವನಿಗೆಲ್ಲಿ? ಅವನಿದ್ದಲ್ಲಿ ಒಂದು ಬಡಕಲು ನರಿ ನಿಂತಿತ್ತು. ನರಿಗೆ ಎಂಥ ಬಿಲ್ವಿದ್ಯೆ? ಬಿಲ್ಲು ಕೆಳಗೆ ಬಿದ್ದು ಎರಡು ತುಂಡಾಯಿತು, ಮಾಯೆಯೂ ಮುರಿಯಿತು.

ಮೂರು ಸೀಮೆಯ ಕಾಡಿಂದಲೂ ಮನುಷ್ಯರು ಕಣ್ಣುಜ್ಜಿಕೊಳ್ಳುತ್ತ ಎದ್ದು ಬಂದರು. ಅಲ್ಲಿಯ ಅರಮನೆಗಳ ಗೋಡೆಗೆ ಬಡಿದಿದ್ದ ಬೇಟೆಯ ತಲೆಗಳೂ ಮೈ ಬಂದು ಕೆಳಗಿಳಿದವಂತೆ. ಹೇಗೆ ಅಂತ ನನ್ನನ್ನು ಕೇಳಬೇಡಿ, ನನಗೂ ಅರ್ಥವಾಗಿಲ್ಲ. ದೊರೆಗಳೆಲ್ಲ ನಾಚಿ ಬೇಟೆ ಬಿಟ್ಟರು. ನಾಲ್ಕೂ ಸೀಮೆಯ ಮನೆಮನೆಯಲ್ಲಿ ಎಲೆ ಹಾಸಿ, ಬಂದವರಿಗೆ ಬಡಿಸಿ, ಜನ ನೆಮ್ಮದಿಯಾಗಿ ಬಾಳಿದರು.

ಊರ ಕಡೆ ನಡೆಯುತ್ತ ಬೊಮ್ಮಣ್ಣ ತಂಗಿಯ ಮುಖ ನೋಡಲಾರದೆ ಹೇಳಿದ: "ನೀನು ಬಂದದ್ದು ಮೊದಲ ದಿನವೇ ಗೊತ್ತಾಯ್ತು ಕಣವ್ವ. ಹತ್ತಿರ ಬಂದರೆ ಹೆದರ್ತೀಯ ಅಂತ ದೂರ ಇದ್ದೆ."

"ಹೆದರಿಕೆ ಆಗಲಿಲ್ಲ ಅಣ್ಣ," ಅಂದಳು ದ್ಯಾವಕ್ಕ. "ಯಾಕೆ ಅಂತ ಮಾತ್ರ ಗೊತ್ತಾಗಲಿಲ್ಲ."

ಆಮೇಲೆ ಇಬ್ಬರೂ ದಾರಿಯಲ್ಲೇ ಕೂತು ಮನಸಾರೆ ಅತ್ತರು.