ಒಂಬತ್ತು ಭಾನುವಾರಗಳ ನೀರು

"ಅಕ್ಕಾ, ನಮ್ಮನೇಲಿ ಕಳ್ಳ ಇದಾನೆ."

ಮೂರನೇ ಮಹಡಿಯ ಗಡಿಯಾರ ರಿಪೇರಿಯವನು ಬಂದು ಹೀಗೆಂದಾಗ ಲಾಂಡ್ರಿಯಲ್ಲಿ ಇನ್ನೂ ಇಸ್ತ್ರಿಪೆಟ್ಟಿಗೆ ಕಾದಿರಲಿಲ್ಲ.

"ಏನು ಕದ್ದ?" ಎಂದಳು ಲಾಂಡ್ರಿ ಅಕ್ಕ.

"ಕದ್ದಿದ್ರೆ ಚೆನ್ನಾಗಿತ್ತು. ಹಾಕ್ತಿದಾನೆ!"

ಅಂಗಿಯ ಕಲೆ ನೋಡಿ ಯಾರು ಯಾರ ಪಕ್ಕದಲ್ಲಿ ಕೂತು ಉಂಡರು ಎಂದು ಹೇಳಬಲ್ಲವಳು ಅಕ್ಕ. ಹಾಗಾಗಿ ಆ ಕಟ್ಟಡದ ತಂಟೆಗಳೆಲ್ಲ ಕೊನೆಗೆ ಅವಳ ಮೇಜಿಗೇ ಬಂದು ಬೀಳುತ್ತಿದ್ದವು. ಬಟ್ಟೆ ಮಡಿಸುತ್ತಿದ್ದ ಅವಳ ತಂಗಿ ಎಂದಿನಂತೆ ಕಿವಿ ಮಾತ್ರ ಕೊಟ್ಟಳು.

ಹಾಕುತ್ತಿದ್ದುದು ಮೀನಿನ ಆಹಾರ, ಹಾಕುತ್ತಿದ್ದವರು ಅವನ ಹೆಂಡತಿಯ ತಂದೆ. ಹಾಗೆಂದು ಅವನ ಆರೋಪ. ಅವನ ಮನೆಯಲ್ಲಿ ಸಮುದ್ರದ ನೀರಿನ ತೊಟ್ಟಿಯೊಂದಿತ್ತು, ಒಳಗೆ ಜೀವಂತ ಹವಳ.

"ಆಹಾರ ಜಾಸ್ತಿ ಬಿದ್ರೆ ನೀರಲ್ಲಿ ಫಾಸ್ಫೇಟ್ ಏರತ್ತೆ ಅಕ್ಕಾ. ಅದು ಏರಿದ್ರೆ ಪಾಚಿ ಹಬ್ಬತ್ತೆ, ಹವಳ ಬಣ್ಣಗೆಡತ್ತೆ. ಒಂಬತ್ತು ವಾರದಿಂದ ಒದ್ದಾಡ್ತಿದೀನಿ. ಆಹಾರ ಅರ್ಧ ಮಾಡಿದೆ. ಫಾಸ್ಫೇಟ್ ಹೀರೋ ಕಾಳಿನ ಚೀಲ ಇಳಿಬಿಟ್ಟೆ. ವಾರಾ ವಾರಾ ನೀರು ಬದಲಿಸ್ದೆ. ಮುಚ್ಚಳಕ್ಕೆ ಬೀಗಾನೂ ಹಾಕ್ದೆ. ಆದ್ರೂ ಏರತ್ತೆ! ಮಾವನ ಹತ್ರ ಇನ್ನೊಂದು ಕೀ ಇದೆ, ಅಷ್ಟೇ."

"ಅವರನ್ನ ಕೇಳಿದ್ಯಾ?"

"ಕೇಳಿದ್ದಕ್ಕೇ ಬ್ಯಾಗು ಕಟ್ಟಿದಾರೆ. ಸಂಜೆ ಬಸ್ಸಿಗೆ ದೊಡ್ಡ ಮಗಳ ಮನೆಗೆ ಹೊರಟ್ರಂತೆ, ಮತ್ತೆ ಈ ಮನೆ ಮೆಟ್ಟಿಲು ಹತ್ತಲ್ವಂತೆ. ನನ್ನ ಹೆಂಡ್ತಿ ನನ್ನ ಜೊತೆ ಮಾತು ಬಿಟ್ಟಿದಾಳೆ. ಅವರು ಹೊರಡೋದ್ರೊಳಗೆ ನೀವು ಆ ಕೀ ಹುಡುಕಿ ಕೊಡಿ."

"ಮೀನಿನ ತೊಟ್ಟಿಗೂ ಪೊಲೀಸು ಬೇಕಾಯ್ತು ಇವನಿಗೆ," ಎಂದು ಗೊಣಗುತ್ತಾ ಅಕ್ಕ ಸೆರಗು ಸಿಕ್ಕಿಸಿದಳು. "ಬಾರೇ, ಹೋಗಿ ಬರೋಣ."

ಮಾವ ಚಪ್ಪಲಿ ಮೆಟ್ಟಿಕೊಂಡೇ ಸೋಫಾದ ಅಂಚಿನಲ್ಲಿ ಕೂತಿದ್ದರು, ತೊಡೆಯ ಮೇಲೆ ಬ್ಯಾಗು, ಮುಖ ಗೋಡೆಯ ಕಡೆ. ತೊಟ್ಟಿಯೊಳಗಿನ ಎರಡು ಕಿತ್ತಳೆ ಮೀನುಗಳು ಮಾತ್ರ ಅವರಿದ್ದ ಬದಿಯ ಗಾಜಿಗೇ ಬಂದು ಮೂತಿ ಒತ್ತಿದ್ದವು. ಹವಳದ ಮೇಲೆ ಕಂದು ಪಾಚಿ ಕಂಬಳಿ ಹೊದಿಸಿತ್ತು.

ಗಡಿಯಾರದವನು ಪುಸ್ತಕ ತಂದ. ದಿನದಿನದ ಫಾಸ್ಫೇಟ್ ಅಳತೆ, ಮುತ್ತಿನಂಥ ಅಕ್ಷರ. ಅಂಕಿ ಸೋಮವಾರದಿಂದ ಶನಿವಾರದವರೆಗೆ ತುಸುತುಸುವೇ ಇಳಿಯುತ್ತಿತ್ತು, ಭಾನುವಾರ ಸಂಜೆ ಒಮ್ಮೆಲೇ ನೆಗೆಯುತ್ತಿತ್ತು. ಅಂಥ ಒಂಬತ್ತೂ ಭಾನುವಾರಗಳ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಒಂದೇ ಪದ: "ಮಾವ." ಮೊದಲ ಪುಟದಲ್ಲಿ, ಹೋದ ವರ್ಷದ ತಾರೀಖಿನ ಕೆಳಗೆ, "ನಲ್ಲಿ ನೀರು: ಸೊನ್ನೆ" ಎಂದು ಬರೆದು ಎರಡು ಗೆರೆ ಎಳೆದಿತ್ತು.

ನೀರು ಕುಡಿಯುವ ನೆಪದಲ್ಲಿ ತಂಗಿ ಅಡುಗೆಮನೆಗೆ ಹೋದಳು. ಕೆಳಗೆ ಲಾಂಡ್ರಿಯ ನಲ್ಲಿಯ ಮೂತಿಗೆ ಸುಣ್ಣ ಕಟ್ಟಿ ನೀರು ನಾಲ್ಕು ದಿಕ್ಕಿಗೆ ಚಿಮ್ಮುತ್ತಿತ್ತು. ಇಲ್ಲಿಯ ನಲ್ಲಿ ಫಳಫಳ ಹೊಳೆಯುತ್ತಿತ್ತು. ಎರಡಕ್ಕೂ ನೀರು ಬರುವುದು ತಾರಸಿಯ ಒಂದೇ ಟ್ಯಾಂಕಿನಿಂದ.

"ತುಂಬಾ ಉಜ್ತೀರಾ?" ಎಂದಳು ಮೆಲ್ಲಗೆ.

"ಉಜ್ಜೋಕೆ ಯಾರಿಗಿದೆ ಪುರುಸೊತ್ತು?" ಎಂದಳು ಅಲ್ಲಿದ್ದ ಗಡಿಯಾರದವನ ಹೆಂಡತಿ. "ಮೊದ್ಲು ಪಿನ್ನು ಹಾಕಿ ತೂತು ಬಿಡಿಸ್ಬೇಕಿತ್ತು. ವಾಷಿಂಗ್ ಮಷೀನು ರಿಪೇರಿ ಆದಾಗಿಂದ ಆ ಕಾಟ ಇಲ್ಲ."

ತಂಗಿ ಬಂದು ಅಕ್ಕನ ಕಿವಿಯಲ್ಲಿ ಇಷ್ಟನ್ನೂ ಉಸುರಿದಳು. ಅಕ್ಕ ಹಿಂದಿನ ಬಾಲ್ಕನಿಗೆ ಹೋಗಿ, ನೀರು ಮನೆಯೊಳಗೆ ಬರುವ ಪೈಪನ್ನು ನೋಡಿ ಬಂದಳು. ಒದ್ದೆ ಕೈ ಒರೆಸಿಕೊಳ್ಳುತ್ತಾ, "ಎಲ್ರೂ ಇಲ್ಲಿ ಕೂತ್ಕೊಳ್ಳಿ," ಎಂದಳು.

"ಕೀ ಸಿಕ್ತಾ?" ಎಂದ ಗಡಿಯಾರದವನು.

"ಬಾಯ್ಮುಚ್ಚಿ ಕೇಳು. ಆಹಾರದಿಂದ ಏರೋದಾದ್ರೆ ದಿನಾ ಏರ್ಬೇಕು. ನಿಂದು ಭಾನುವಾರ ಮಾತ್ರ ಏರತ್ತೆ. ನಿಮ್ಮಾವ ಕಳ್ಳತನಕ್ಕೂ ವಾರ ನೋಡ್ತಾರಾ?"

"ಭಾನುವಾರ ನಾನು ಸ್ನಾನಕ್ಕೆ ಹೋದಾಗ..."

"ದಿನಾ ಸ್ನಾನ ಮಾಡಲ್ವಾ ನೀನು? ಭಾನುವಾರ ಮಾತ್ರ ನಡೆಯೋದು ಏನು, ಅದು ಹೇಳು."

"ನೀರು ಬದಲಿಸ್ತೀನಿ. ನಲ್ಲಿ ನೀರಿಗೆ ಸಮುದ್ರದ ಉಪ್ಪು ಬೆರೆಸಿ."

"ಉಪ್ಪು?"

"ವರ್ಷದಿಂದ ಅದೇ ಕಂಪನಿದು, ಬದಲಾಗಿಲ್ಲ."

"ನೀರು?"

"ಸೊನ್ನೆ ಅಂತ ಬರೆದಿದೀನಲ್ಲಾ!"

"ಯಾವಾಗ?"

ಅವನು ಪುಸ್ತಕದ ಮೊದಲ ಪುಟಕ್ಕೆ ತಿರುವಿದ.

"ಸಂಜೆಸಂಜೆಗೆ ತೊಟ್ಟಿ ನೀರು ಅಳೀತೀಯ, ಸುರಿಯೋ ನೀರನ್ನ ವರ್ಷದಲ್ಲಿ ಒಂದೇ ಸಲ ಅಳೆದಿದೀಯ. ನನ್ನ ನಲ್ಲಿಗೆ ಸುಣ್ಣ, ನಿನ್ನ ನಲ್ಲಿಗೆ ಹೊಳಪು. ಅಂದ್ರೆ ನಿನ್ನ ಪೈಪಲ್ಲೇ ಏನೋ ಸೇರ್ತಿದೆ ಅಂತ ನಮ್ಮ ತಂಗಿಗೆ ಹೊಳೀತು. ಬಾ."

ಬಾಲ್ಕನಿಯ ಪೈಪಿಗೆ ಪಾರದರ್ಶಕ ಡಬ್ಬವೊಂದನ್ನು ಕೂರಿಸಿತ್ತು. ತುಂಬ ಗಾಜಿನ ಗೋಲಿಯಂಥ ಹರಳುಗಳು.

"ನನಗೂ ಮಾರೋಕೆ ಬಂದಿದ್ರು. ಚೂರುಚೂರೇ ಕರಗಿ ಸುಣ್ಣ ಕಟ್ಟದ ಹಾಗೆ ನೋಡ್ಕೊಳತ್ತೆ. ಚೀಟಿ ಓದು."

ಗಡಿಯಾರದವನು ಬಗ್ಗಿ ಓದಿದ. "ಪಾಲಿ..." ಎಂದ. ಚೀಟಿಯ ಮೇಲಿನ ನೀರು ಒರೆಸಿದ. "ಫಾಸ್ಫೇಟ್."

"ಹಾಕ್ಸಿದ್ದು ಯಾರು?"

ಗಂಡನೆದುರು ಮಾತು ಬಿಟ್ಟಿದ್ದ ಹೆಂಡತಿ ಮಾತು ಹಿಡಿದಳು. "ಇವರೇ! ಮಷೀನಿನವನಿಗೆ, 'ಸುಣ್ಣ ಕಟ್ಟದ ಹಾಗೆ ಏನಾದ್ರೂ ಹಾಕಪ್ಪಾ, ಇದನ್ನೆಲ್ಲ ನನ್ನ ಕೇಳ್ಬೇಡ' ಅಂದ್ರು. ಒಂಬತ್ತು ವಾರ ಆಯ್ತು."

ಆದರೂ ಅವನು ನಂಬಲಾರದೆ ಗಾಜಿನ ಕೊಳವೆಗೆ ನಲ್ಲಿ ನೀರು ಹಿಡಿದು ಪರೀಕ್ಷೆಯ ಹನಿ ಬಿಟ್ಟ. ಫಾಸ್ಫೇಟ್ ಹೆಚ್ಚಿದ್ದಷ್ಟೂ ನೀಲಿ ಹೆಚ್ಚು. ನೀರು ಕಡುನೀಲಿಗೆ ತಿರುಗಿತು. ತೊಟ್ಟಿಯ ನೀರು ಎಂದೂ ಅಷ್ಟು ನೀಲಿಯಾಗಿರಲಿಲ್ಲ.

"ಏರಿದಷ್ಟೂ ನೀರು ಬದಲಿಸ್ದೆ," ಎಂದ ಸಣ್ಣ ದನಿಯಲ್ಲಿ.

"ಬದಲಿಸಿದಷ್ಟೂ ಏರ್ತು," ಎಂದಳು ಅಕ್ಕ. "ಡಬ್ಬ ಮಷೀನಿಗೆ ಇರ್ಲಿ. ತೊಟ್ಟಿಗೆ ನಮ್ಮ ಲಾಂಡ್ರಿ ನಲ್ಲಿಯಿಂದ ಹೊತ್ಕೊಂಡು ಹೋಗು. ಹೊತ್ತಾಗಲೆಲ್ಲ ಅಳೆದು ನೋಡು."

ಅವನು ಬೀಗ ತೆಗೆದು ಮಾವನ ಮುಂದೆ ಹಿಡಿದ. ಮಾವ ಅದರ ಕಡೆ ತಿರುಗಲೂ ಇಲ್ಲ.

"ಬೀಗ ಹಾಗಿರ್ಲಿ ಅಳಿಯಂದ್ರೇ. ಪುಸ್ತಕದಲ್ಲಿ ನಾನೇ ಕಳ್ಳ ಅಲ್ವಾ?"

ಗಡಿಯಾರದವನು ನೆಲದ ಮೇಲೆಯೇ ಕೂತು, ಪುಟ ತಿರುವುತ್ತಾ "ಮಾವ" ಎಂಬುದನ್ನು ಹೊಡೆದು ಹೊಡೆದು "ನಾನು" ಎಂದು ಬರೆದ. ಬರೆದು ಮುಗಿಸಿ ಪುಸ್ತಕ ಕೊಟ್ಟ. ಮಾವ ಕನ್ನಡಕ ಹಾಕಿ, ಬೆರಳಿಟ್ಟು ಎಣಿಸಿದರು. ಬಸ್ಸಿನ ಹೊತ್ತಾಗುತ್ತಿತ್ತು. ತಂಗಿಯೂ ಮನಸ್ಸಿನಲ್ಲೇ ಎಣಿಸಿದಳು.

"ಎಂಟೇ ಆಯ್ತು," ಎಂದರು ಮಾವ, ಬ್ಯಾಗನ್ನು ಸೋಫಾದ ಕೆಳಗೆ ತಳ್ಳಿ ಚಪ್ಪಲಿ ಕಳಚುತ್ತಾ. "ಒಂದು ಬಿಟ್ಟಿದೀರಿ."