ಹಾರ ಹಿಡಿದ ಕೈ

"ಅಪ್ಪಾ, ಥಾಂಬಾ! ನಿಂದರ್ರಿ! ಇಲ್ಲೊಂದು ಕೈ ಐತಿ!"

ವನಜಾ ಕೂಗಿದ ರಭಸಕ್ಕೆ, ಮುಂದೆ ನಡೆಯುತ್ತಿದ್ದ ಅಪ್ಪ ಪಾಚಿಗಟ್ಟಿದ ಕಲ್ಲಿನ ಮೇಲೆ ಜಾರಿ, ಹೇಗೋ ಸಾವರಿಸಿಕೊಂಡರು.

"ಕೈ? ಯಾರ ಕೈ?"

"ಕಲ್ಲಿನ ಕೈ!"

ಅವಳು ಹಳ್ಳದ ತಣ್ಣನೆಯ ನೀರಿನಲ್ಲಿ ಮೊಣಕಾಲಿನವರೆಗೆ ನಿಂತಿದ್ದಳು. ಫ್ರಾಕಿನ ಅಂಚು ತೊಯ್ದಿತ್ತು. ಎದೆಗೆ ಒತ್ತಿ ಹಿಡಿದಿದ್ದ ಕಲ್ಲನ್ನು ಮುಂದೆ ಚಾಚಿದಳು. ಹೌದು, ಕೈಯೇ. ವನಜಾಳ ಕೈಯಷ್ಟೇ ಚಿಕ್ಕದು. ಮಣಿಕಟ್ಟಿನಲ್ಲಿ ದಪ್ಪ ಬಳೆಗಳು. ಮಡಚಿದ ಬೆರಳುಗಳ ನಡುವೆ ಹಗ್ಗದಂಥದ್ದು ಏನೋ ಇತ್ತು. ಅದು ಮುಷ್ಟಿಯ ಎರಡೂ ಕಡೆ ಸ್ವಲ್ಪ ಹೊರಗೆ ಬಂದು ತುಂಡಾಗಿತ್ತು. ಉಗುರುಗಳು ಕೂಡ ಕಾಣುತ್ತಿದ್ದವು.

"ಹೋ! ಎಂತ ಚಂದ ಉಂಟು ಮಾರಾಯ್ತಿ!" ಎಂದು ಜಯಕರ ಮಾಮಾ ಓಡಿ ಬಂದರು.

ಜಯಕರ ಮಾಮಾ ಉಡುಪಿ ಕಡೆಯವರು. ನಾಸಿಕ್ ರೋಡಿನಲ್ಲಿ ಹೋಟೆಲು ನಡೆಸುತ್ತಿದ್ದರು. ವನಜಾಳ ಅಪ್ಪ ವೈಜನಾಥ ಧಾರವಾಡದವರು. ಅಲ್ಲೇ ಹತ್ತಿರದ ಓಝರಿನ ವಿಮಾನ ಕಾರ್ಖಾನೆಯಲ್ಲಿ ಟೆಕ್ನಿಶಿಯನ್. ದೀಪಾವಳಿ ರಜೆ ಬಂದದ್ದೇ ತಡ, ಮಾಮಾನ ವ್ಯಾನಿನಲ್ಲಿ ಎಲ್ಲರೂ ಸೇರಿ ಔರಂಗಾಬಾದಿಗೆ ಹೊರಟಿದ್ದರು. ಆ ವ್ಯಾನು ಉಳಿದ ದಿನಗಳಲ್ಲಿ ಲಾಸಲಗಾಂವಿನಿಂದ ಹೋಟೆಲಿಗೆ ಈರುಳ್ಳಿ ತರುತ್ತಿತ್ತು. ಎಷ್ಟು ತೊಳೆದರೂ ವಾಸನೆ ಹೋಗಿರಲಿಲ್ಲ. ದಾರಿಯುದ್ದಕ್ಕೂ ಅವ್ವ ಸೆರಗನ್ನು ಮೂಗಿಗೆ ಹಿಡಿದೇ ಕೂತಿದ್ದಳು.

ನಿನ್ನೆ ಎಲ್ಲೋರಾ ನೋಡಿದ್ದರು. ಇವತ್ತು ತಿರುಗಿ ಹೊರಟಾಗ ಮೈಲಿಗಲ್ಲಿನ ಮೇಲಿನ ಹೆಸರನ್ನು ಓದಿದ ವನಜಾ ಸೀಟಿನಿಂದ ಎದ್ದೇ ನಿಂತಿದ್ದಳು. "ಅಪ್ಪಾ, ಊರಿನ ಹೆಸರು ಕನ್ನಡ!"

"ಹೌದಲ್ಲ! ಕನ್ನಡ ಅನ್ನೂ ಊರಾಗ ಕನ್ನಡ ಮಾತಾಡಾವ್ರು ಇವತ್ತ ನಾವ ಇಷ್ಟ ಮಂದಿ ನೋಡು," ಎಂದು ಅಪ್ಪ ನಕ್ಕಿದ್ದರು.

ಆ ಊರಿನಲ್ಲಿ ಚಹಾ ಕುಡಿಯಲು ಇಳಿದಾಗ ಅಂಗಡಿಯವನು ಹೇಳಿದ್ದ: ಸ್ವಲ್ಪ ದೂರದ ಕಣಿವೆಯಲ್ಲಿ ಪಿತಳಖೋರೆ ಅಂತ ಹಳೆಯ ಗುಹೆಗಳಿವೆ, ಆದರೆ ಯಾರೂ ಹೋಗುವುದಿಲ್ಲ. ಯಾರೂ ಹೋಗುವುದಿಲ್ಲ ಅಂದದ್ದಕ್ಕೇ ವನಜಾ ಹಟ ಹಿಡಿದಳು. ವ್ಯಾನು ಕಚ್ಚಾ ರಸ್ತೆಯಲ್ಲಿ ಕುಲುಕಾಡಿಕೊಂಡು ಬಂತು. ಆಮೇಲೆ ಕಡಿದಾದ ಮೆಟ್ಟಿಲು ಇಳಿದರು.

ಇಳಿದು ನೋಡಿದರೆ ಏನಿತ್ತು? ಗುಹೆಗಳ ಮುಂಭಾಗವೇ ಕುಸಿದು ಬಿದ್ದಿತ್ತು. ಒಳಗೆ ಬಾವಲಿಗಳ ವಾಸನೆ. ಒಂದು ಗುಹೆಯಲ್ಲಿ ಆಡಿನ ಹಿಕ್ಕೆ. ಕಂಬಗಳ ಮೇಲೆ ಬಣ್ಣದ ಚಿತ್ರಗಳಿದ್ದವು, ಆದರೆ ಅವುಗಳ ಮೈಮೇಲೆಲ್ಲ ಯಾರ್‍ಯಾರೋ ಮೊಳೆಯಿಂದ ಹೆಸರು ಕೆರೆದಿದ್ದರು. ಸಾಲಾಗಿ ನಿಂತ ಆನೆಗಳಿಗೆ ಸೊಂಡಿಲೇ ಇರಲಿಲ್ಲ.

"ಇದನ್ನ ನೋಡಾಕ ಇಷ್ಟು ಮೆಟ್ಟಲಾ ಇಳಿದ್ವೇನ?" ಎಂದು ಅವ್ವ ನೆರಳಿನಲ್ಲಿ ಕೂತುಬಿಟ್ಟಳು. ವನಜಾಳಿಗೂ ಬೇಸರವಾಗಿತ್ತು. ಅದಕ್ಕೇ ಅವಳು ಹಳ್ಳದ ನೀರಿಗೆ ಇಳಿದದ್ದು.

ಈಗ ಆ ಕೈ ಎಲ್ಲರ ಕೈಯಿಂದ ಕೈಗೆ ಹೋಯಿತು.

"ನನ್ನ ಹೋಟೆಲಿನ ಶೋಕೇಸಿನಲ್ಲಿ ಇಡುವಾ," ಎಂದರು ಜಯಕರ ಮಾಮಾ. "ಕೆಳಗೆ ಕೆಂಪು ವೆಲ್ವೆಟ್ ಹಾಕಿಸ್ತೇನೆ. ಬೋರ್ಡು ಬರೆಸ್ತೇನೆ. ಊಟಕ್ಕೆ ಬಂದವರೆಲ್ಲ ನೋಡ್ತಾರೆ. ಇಲ್ಲಿ ನೀರಲ್ಲಿ ಬಿದ್ದರೆ ಯಾರು ನೋಡ್ತಾರೆ?"

ಮೇಲಿನ ಬಂಡೆಯ ಹತ್ತಿರ ಆಡು ಮೇಯಿಸುತ್ತಿದ್ದ ಹೆಂಗಸು ಇವರ ಗದ್ದಲ ಕೇಳಿ ಇಳಿದು ಬಂದಳು. ಹೆಸರು ಪ್ರೇಮಾಬಾಯಿ, ಹತ್ತಿರದ ವಾಡಿಯವಳು.

"ಘೇಊನ್ ಜಾ ಗ ಪೋರೀ," ಎಂದಳು ವನಜಾಳಿಗೆ. ತಗೊಂಡು ಹೋಗು ಹುಡುಗಿ, ಯಾರು ಕೇಳುತ್ತಾರೆ? ಪ್ರತಿ ಮಳೆಗಾಲ ಹಳ್ಳಕ್ಕೆ ನೀರು ಬಂದಾಗ ಇಂಥ ಕಲ್ಲುಗಳು ಉರುಳಿ ಹೋಗುತ್ತವೆ. ಬಂದವರು ಒಂದೊಂದು ಒಯ್ಯುತ್ತಾರೆ. ಸರಕಾರದ ಸಾಹೇಬರು ಯಾವಾಗಲೋ ಒಮ್ಮೆ ಬರುತ್ತಾರೆ, ನೋಡುತ್ತಾರೆ, ಹೋಗುತ್ತಾರೆ.

ಅಪ್ಪ ಕಲ್ಲನ್ನು ತಿರುಗಿಸಿ ಮುರಿದ ಭಾಗವನ್ನೇ ನೋಡುತ್ತಿದ್ದರು.

ವನಜಾ ಸುತ್ತಲೂ ನೋಡಿದಳು. ಎತ್ತ ನೋಡಿದರೂ ಕೈಯಿಲ್ಲದ ಬೊಂಬೆಗಳು. ಗೋಡೆಯ ಮೇಲೆ, ಕಂಬದ ತಲೆಯ ಮೇಲೆ, ಬಾಗಿಲಿನ ಪಕ್ಕದಲ್ಲಿ. ಇಷ್ಟು ಹೊತ್ತು ಅವೆಲ್ಲ ಬರೀ ಮುರಿದ ಕಲ್ಲುಗಳಾಗಿದ್ದವು. ಈಗ ಅವಳಿಗೆ ಒಂದು ಪ್ರಶ್ನೆ ಹುಟ್ಟಿತು.

"ಇದು ಯಾರ ಕೈ?" ಎಂದಳು.

"ಎರಡು ಸಾವಿರ ವರ್ಷ ಆತು," ಎಂದರು ಅಪ್ಪ. "ಆವಾಗ ಬೌದ್ಧ ಭಿಕ್ಷುಗಳು ಇಲ್ಲಿ ಇರ್ತಿದ್ರು. ಯಾವ ಶಿಲ್ಪಿ, ಏನ ಕೆತ್ತಿದ್ನೋ, ಯಾರಿಗೆ ಗೊತ್ತು?"

"ಹಂಗಲ್ಲಪ್ಪಾ. ಇವರೊಳಗ ಯಾರ ಕೈ ಇದು? ಹುಡುಕೂನು."

ಜಯಕರ ಮಾಮಾ ಗಡಿಯಾರ ನೋಡಿಕೊಂಡರು. "ಮಗಾ, ಸಂಜೆ ಹೋಟೆಲಿನಲ್ಲಿ ರಶ್ ಇರ್ತದೆ. ಈಗ ಹೊರಟರೆ ಸರಿ."

"ಸ್ವಲ್ಪ ಹೊತ್ತು ಮಾಮಾ. ಪ್ಲೀಸ್. ಸಿಗಲಿಲ್ಲ ಅಂದ್ರ ನಿಮ್ಮ ಶೋಕೇಸಿಗೆ."

"ಪ್ರಾಮಿಸ್?"

"ಪ್ರಾಮಿಸ್."

ಹೇಳಿದ ಮೇಲೆ ಅವಳಿಗೆ ಭಯವಾಯಿತು. ಆದರೆ ಮಾತು ಆಡಿಯಾಗಿತ್ತು.

ಅಪ್ಪ ಕಲ್ಲನ್ನು ಬಿಸಿಲಿಗೆ ಹಿಡಿದರು. "ಇಲ್ಲಿ ನೋಡು. ಈ ಕಡೆ ಚೂಪಾಗಿ ಮುಂದ ಬಂದೈತಿ. ಇಲ್ಲಿ ತಗ್ಗು. ಎಲ್ಲಿಂದ ಮುರಿದೈತೋ ಅಲ್ಲಿ ಇದರ ಉಲ್ಟಾ ಇರಬೇಕು. ಚೂಪು ಇದ್ದಲ್ಲಿ ತಗ್ಗು, ತಗ್ಗು ಇದ್ದಲ್ಲಿ ಚೂಪು."

ವನಜಾ ಬೆರಳಿನಿಂದ ಮುರಿದ ಭಾಗವನ್ನು ಸವರಿದಳು. ಕಣ್ಣು ಮುಚ್ಚಿ ಮತ್ತೊಮ್ಮೆ ಸವರಿದಳು.

"ಮುಷ್ಟಿಯೊಳಗ ಹಗ್ಗ ಐತಿ. ಅಂದ್ರ ಆನಿ ಮ್ಯಾಲೆ ಕೂತಾವನ ಕೈ!" ಎಂದು ಆನೆಗಳ ಕಡೆ ಓಡಿದಳು.

ಆನೆಗಳ ಮೇಲೆ ಮಾವುತರ ಕಾಲುಗಳಷ್ಟೇ ಉಳಿದಿದ್ದವು. ಒಬ್ಬನಿಗೆ ಮಾತ್ರ ಅರ್ಧ ತೋಳು ಇತ್ತು. ವನಜಾ ಕೈಯನ್ನು ಅಲ್ಲಿ ಹಚ್ಚಿ ನೋಡಿದಳು. ಆ ತೋಳಿನ ಮುಂದೆ ಇದು ಎಳೆಗೂಸಿನ ಕೈಯಂತೆ ಕಂಡಿತು.

ಪಕ್ಕದ ಗುಹೆಯಲ್ಲಿ ಬಾಗಿಲು ಕಾಯುವವನೊಬ್ಬನಿದ್ದ. ಅವನ ಕೈ ಮೊಣಕೈಯಿಂದಲೇ ಹೋಗಿತ್ತು. ಅದಲ್ಲ. ಇನ್ನೊಂದು ಗೋಡೆಯಲ್ಲಿ ಕುಳಿತ ಹೆಂಗಸಿನ ಬಲಗೈ ಮಣಿಕಟ್ಟಿನವರೆಗೆ ಇತ್ತು. ವನಜಾ ಹಚ್ಚಿ ನೋಡಿದಳು. ಹೀಗೆ ತಿರುಗಿಸಿದಳು, ಹಾಗೆ ತಿರುಗಿಸಿದಳು. ಕೂಡಲಿಲ್ಲ.

ಕುಸಿದ ಕಲ್ಲುಗಳ ರಾಶಿ ಹತ್ತುವಾಗ ಮೊಣಕಾಲು ತರಚಿತು. ಹತ್ತಿ ನೋಡಿದರೆ ಅಲ್ಲಿದ್ದದ್ದು ಕೈಯಿಲ್ಲದ ಕುದುರೆ. ಅಂದರೆ, ಕುದುರೆಗೆ ಕೈ ಇರುವುದೇ ಇಲ್ಲ.

"ಸಾಕು ಬಾರವಾ," ಎಂದು ಅವ್ವ ಕರೆದಳು. "ರಕ್ತ ಬರಾಕತ್ತೈತಿ."

"ಇಲ್ಲ."

"ಎಷ್ಟ ಹಟ ಮಾಡ್ತಿ?"

ವನಜಾಳ ಕಣ್ಣು ತುಂಬಿ ಬಂತು. ಆದರೂ ಕಲ್ಲನ್ನು ಕೆಳಗಿಡಲಿಲ್ಲ. ಅವ್ವ ಎದ್ದು ಬಂದು, ಸೆರಗಿನಿಂದ ಮೊಣಕಾಲು ಒರೆಸಿದಳು. ಹಾಗೆ ಒರೆಸುತ್ತಲೇ ಅವಳ ನೋಟ ಕಲ್ಲಿನ ಮೇಲೆ ಬಿತ್ತು.

"ತಾ ಇಲ್ಲಿ."

ಅವ್ವ ಕಲ್ಲಿನ ಪಕ್ಕದಲ್ಲಿ ತನ್ನ ಕೈಯನ್ನು ಮುಷ್ಟಿ ಮಾಡಿ ಹಿಡಿದಳು. ಮೊದಲು ಬಲಗೈ. ಆಮೇಲೆ ಎಡಗೈ.

"ಇದು ಎಡಗೈ. ಹೆಬ್ಬೆರಳ ನೋಡು ಯಾವ ಕಡೆ ಐತಿ. ನೀ ಬಲಗೈಗೆ ಹಚ್ಚಾಕತ್ತಿದ್ದಿ. ಮತ್ತ ಇದು ಹಗ್ಗ ಅಲ್ಲಬಿಡು. ಹಗ್ಗ ಹಿಂಗ ಉಬ್ಬುಬ್ಬ ಇರತೈತೇನು? ದಿನಾ ಕಟ್ಟಾಕಿ ನಾ. ಹೂವಿನ ಹಾರ ಇದು!"

"ಹಾರ!" ಎಂದಳು ವನಜಾ. ಮಾತು ತಿಳಿದಂತೆ ಪ್ರೇಮಾಬಾಯಿಯೂ ಬಗ್ಗಿ ನೋಡಿದಳು. "ಹೋಯ್, ಹಾರಚ್ ಆಹೆ," ಹೌದು, ಹಾರವೇ ಎಂದು ತಲೆಯಾಡಿಸಿದಳು.

ಈಗ ಎಲ್ಲರೂ ಹಾರ ಹುಡುಕತೊಡಗಿದರು. ಅಪ್ಪ ಒಂದು ಕಡೆ, ಅವ್ವ ಒಂದು ಕಡೆ. ಪ್ರೇಮಾಬಾಯಿ ಆಡುಗಳನ್ನು ಅವುಗಳ ಪಾಡಿಗೆ ಬಿಟ್ಟು, ಕೋಲಿನಿಂದ ಬಳ್ಳಿ ಸರಿಸುತ್ತ ಹೋದಳು. ಜಯಕರ ಮಾಮಾ ಮಾತ್ರ, "ಎಂತ ಜನರೋ ನೀವು," ಎನ್ನುತ್ತ ಅಲ್ಲೇ ನಿಂತಿದ್ದರು.

ಸ್ವಲ್ಪ ಹೊತ್ತಿಗೆ ಕೂಗಿದವರು ಅವರೇ.

"ಏ ವನಜಾ! ಇಲ್ಲಿ ಬಾ! ಮೇಲೆ ನೋಡು!"

ಕೊನೆಯ ಗುಹೆಯ ಬಾಗಿಲಿನ ಮೇಲೆ, ಮಸಿ ಹಿಡಿದ ಕಲ್ಲಿನಲ್ಲಿ, ಪುಟ್ಟ ಹುಡುಗಿಯೊಬ್ಬಳು ಹಾರುತ್ತಿದ್ದಳು. ಮುಖದ ಅರ್ಧ ಹೋಗಿತ್ತು. ಬಲಗೈಯಿಂದ ಇಳಿದ ಹೂವಿನ ಹಾರ ಅವಳ ಎದೆಯ ಮುಂದೆ ಬಳುಕಿ ಬಂದು ತಟ್ಟನೆ ನಿಂತುಬಿಟ್ಟಿತ್ತು. ನಡುವೆ ಖಾಲಿ. ಆಚೆಗೆ ಮತ್ತೆ ಹಾರದ ಕೊನೆಯ ತುಂಡು ತೂಗುತ್ತಿತ್ತು. ಎಡಗೈ ಮಣಿಕಟ್ಟಿನ ಹತ್ತಿರ ಮುರಿದಿತ್ತು.

ಯಾರ ಕೈಗೂ ಎಟುಕುವಂತಿರಲಿಲ್ಲ. ಅಪ್ಪ ಹಾರಿ ನೋಡಿದರು, ಎಟುಕಲಿಲ್ಲ.

ಜಯಕರ ಮಾಮಾ ಸುತ್ತ ನೋಡಿ, ನಿಟ್ಟುಸಿರು ಬಿಟ್ಟು, ಚಪ್ಪಲಿ ಕಳಚಿ ಕುಕ್ಕರುಗಾಲಿನಲ್ಲಿ ಕೂತರು. "ಹತ್ತು ಹೆಗಲ ಮೇಲೆ. ಬಿಳಿ ಶರ್ಟು. ಕಾಲು ಒರೆಸಿಕೊ ಮೊದಲು."

ವನಜಾ ಹತ್ತಿದಳು. ಮಾಮಾ ಗೋಡೆ ಹಿಡಿದು ಮೆಲ್ಲಗೆ ಎದ್ದರು. ಅಪ್ಪ ಅವಳ ಕಾಲು ಹಿಡಿದು ನಿಂತರು. ವನಜಾ ಮುರಿದ ಮಣಿಕಟ್ಟನ್ನು ಬೆರಳಿನಿಂದ ಸವರಿದಳು. ಚೂಪು ಇರಬೇಕಾದಲ್ಲಿ ಚೂಪು. ತಗ್ಗು ಇರಬೇಕಾದಲ್ಲಿ ತಗ್ಗು. ಅವಳು ಕಲ್ಲಿನ ಕೈಯನ್ನು ಎತ್ತಿ, ಸ್ವಲ್ಪ ಓರೆ ಮಾಡಿ, ಒತ್ತಿದಳು.

ಕೂಡಿತು.

ಒಂದು ಕೂದಲು ತೂರುವಷ್ಟೂ ಸಂದು ಉಳಿಯಲಿಲ್ಲ. ಬಲಗೈಯಿಂದ ಹೊರಟ ಹಾರ ಎಡ ಮುಷ್ಟಿಯೊಳಗೆ ಹಾದು, ಆಚೆಯ ತುದಿಯವರೆಗೆ ಒಂದೇ ಆಗಿ ಹರಿಯಿತು.

ಕೆಳಗೆ ಅವ್ವ ಬಾಯಿಯ ಮೇಲೆ ಕೈ ಇಟ್ಟುಕೊಂಡಿದ್ದಳು. ದೂರದಲ್ಲಿ ಆಡಿನ ಗಂಟೆಯ ಸದ್ದು ಕೇಳುತ್ತಿತ್ತು.

"ಬಿಡವಾ ಈಗ," ಎಂದರು ಅಪ್ಪ, ತಗ್ಗಿದ ದನಿಯಲ್ಲಿ.

"ಬಿಟ್ರ ಬೀಳತೈತಿ."

ಅವಳು ಹಿಡಿದೇ ಇದ್ದಳು. ರಟ್ಟೆ ನೋಯತೊಡಗಿತು. ಆಮೇಲೆ ನಡುಗತೊಡಗಿತು. ಕೆಳಗೆ ಮಾಮಾ ಏದುಸಿರು ಬಿಡುತ್ತಿದ್ದರು, ಆದರೆ ಇಳಿ ಅನ್ನಲಿಲ್ಲ. ಇನ್ನು ಆಗುವುದೇ ಇಲ್ಲ ಎನ್ನಿಸಿದಾಗ ವನಜಾ ಕಲ್ಲಿನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು ಎದೆಗೆ ಒತ್ತಿಕೊಂಡಳು. ಹಾರ ಮತ್ತೆ ತುಂಡಾಯಿತು.

ಇಳಿದ ಮೇಲೆ ಮಾಮಾ ಹೆಗಲು ತಿಕ್ಕಿಕೊಳ್ಳುತ್ತ, "ಫ್ಯಾಕ್ಟರಿಯ ಅಂಟು ಉಂಟಲ್ಲ ವೈಜನಾಥರೇ? ಹಚ್ಚಿದರೆ?" ಎಂದರು.

"ಅದು ನಾವು ಮಾಡೂ ಕೆಲಸ ಅಲ್ಲ," ಎಂದರು ಅಪ್ಪ. "ತಪ್ಪಿ ಹಚ್ಚಿದ್ರ ಇನ್ನಷ್ಟು ಹಾಳಾಗತೈತಿ. ಗೊತ್ತಿದ್ದಾವ್ರು ಬಂದು ಮಾಡಬೇಕು."

"ಅಲ್ಲಿಯವರೆಗೆ?"

ಎಲ್ಲರೂ ವನಜಾಳನ್ನು ನೋಡಿದರು.

"ಮಾಮಾ," ಎಂದಳು ವನಜಾ. "ನಿಮ್ಮ ಶೋಕೇಸಿನ್ಯಾಗ ಇಟ್ರ ಇದರ ಹಾರ ಇಲ್ಲೇ ಉಳಿತೈತಲ್ಲ."

ಜಯಕರ ಮಾಮಾ ಬಾಗಿಲಿನ ಮೇಲೆ ನೋಡಿದರು. "ಆಯ್ತು ಮಾರಾಯ್ತಿ," ಎಂದರು ಕೊನೆಗೆ. "ನೀನು ಹುಡುಕಿಯಾಯಿತು. ನಿನ್ನ ಪ್ರಾಮಿಸ್ ಮುಗೀತು."

ಗುಹೆಯ ಒಳಗೆ ಭಿಕ್ಷುಗಳು ಮಲಗುತ್ತಿದ್ದ ಪುಟ್ಟ ಕೋಣೆಗಳಿದ್ದವು. ಒಂದರಲ್ಲಿ ಕಲ್ಲಿನ ಮಂಚ ಇನ್ನೂ ಗಟ್ಟಿಯಾಗಿತ್ತು. ಎಂಥ ಮಳೆಗೂ ಅಲ್ಲಿಗೆ ನೀರು ಬರುವುದಿಲ್ಲ ಎಂದಳು ಪ್ರೇಮಾಬಾಯಿ. ಅದರ ಮೂಲೆಯಲ್ಲಿ ವನಜಾ ಕಲ್ಲಿನ ಕೈಯನ್ನು ಇಟ್ಟು, ಸುತ್ತಲೂ ಚಿಕ್ಕ ಕಲ್ಲುಗಳನ್ನು ಜೋಡಿಸಿ ಮುಚ್ಚಿದಳು. ಮುಂದಿನ ಸಲ ಸಾಹೇಬರು ಬಂದಾಗ ತಾನೇ ತೋರಿಸುತ್ತೇನೆ, ಬಾಗಿಲನ್ನೂ ತೋರಿಸುತ್ತೇನೆ ಎಂದು ಪ್ರೇಮಾಬಾಯಿ ಅಂದಳು. ಅಷ್ಟು ಹೇಳಿ, ಯಾರದೋ ಜೋಳದ ಹೊಲದ ಕಡೆ ಹೊರಟಿದ್ದ ತನ್ನ ಆಡುಗಳನ್ನು ಬೈಯುತ್ತ ಓಡಿದಳು.

ಮೆಟ್ಟಿಲು ಹತ್ತುವಾಗ ಎದುರಿಗೆ ಕಾಲೇಜು ಹುಡುಗರ ಒಂದು ಗುಂಪು ಇಳಿದು ಬಂತು. ಮುಂದಿದ್ದವನು ದಾರಿಯಲ್ಲಿ ಸಿಕ್ಕ ಕಲ್ಲೊಂದನ್ನು ಮೇಲೆ ಎಸೆದು ಹಿಡಿಯುತ್ತಿದ್ದ. ಆ ಕಲ್ಲಿನ ಒಂದು ಬದಿಗೆ ಹೂವಿನ ದಳ ಕೆತ್ತಿದ್ದರು.

"ಖಾಲೀ ಕಾಯ್ ಆಹೆ?" ಎಂದು ಅವನು ಕೇಳಿದ. ಕೆಳಗೆ ಏನಿದೆ?

ವನಜಾ ಮರಾಠಿಯಲ್ಲೇ ಹೇಳಿದಳು: ಕೊನೆಯ ಗುಹೆಗೆ ಹೋಗಿ. ಬಾಗಿಲಿನ ಮೇಲೆ ನೋಡಿ. ಒಬ್ಬಳು ಹುಡುಗಿ ಹಾರ ಹಿಡಿದುಕೊಂಡು ಹಾರುತ್ತಿದ್ದಾಳೆ. ಅವಳ ಎಡಗೈ...

ಕಲ್ಲು ಮೇಲಕ್ಕೆ ಹೋಗಿ ಮತ್ತೆ ಅವನ ಅಂಗೈಗೆ ಬಿತ್ತು. ವನಜಾ ಅದನ್ನೇ ನೋಡಿದಳು.

"ಎಡಗೈ ಏನಾಯಿತು? ಇಲ್ಲವಾ?" ಎಂದು ಅವನು ಕೇಳಿದ.

"ಆಹೆ," ಎಂದಳು ವನಜಾ. ಇದೆ.

ಎಲ್ಲಿದೆ ಎಂದು ಮಾತ್ರ ಹೇಳದೆ, ಅವ್ವನ ಹಿಂದೆ ಮೆಟ್ಟಿಲು ಹತ್ತಿದಳು.